ರೈಲು, ದೋಣಿ, ಸೋಯಿ: ಬ್ಯಾಂಕಾಕ್ ಓಡಾಟದ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬ್ಯಾಂಕಾಕ್ ನಗರದ ಹೆಸರು ಮತ್ತೆ ಮತ್ತೆ ಕಾಣಿಸಿಕೊಂಡಿತು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನಗಳಿವೆ, ಅಲ್ಲಿ ನೋಡಬೇಕಾದದ್ದು ಏನೆಂಬುದೂ ಪತ್ರ ಬರೆದವರೆಲ್ಲರಿಗೆ ಗೊತ್ತಿದೆ. ಊರೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವುದು ಹೇಗೆ ಎಂಬುದೇ ಎಲ್ಲರ ಕಳವಳ. ಕೆಲಸದ ನಿಮಿತ್ತ ನಾನು ಏಳು ವರ್ಷ ಆ ನಗರದಲ್ಲಿ ವಾಸವಾಗಿದ್ದೆ, ಆ ಏಳು ವರ್ಷವೂ ಸ್ವಂತ ವಾಹನ ಇಟ್ಟುಕೊಳ್ಳದೆ ರೈಲು, ದೋಣಿ, ಬಸ್ಸುಗಳಲ್ಲೇ ಓಡಾಡಿದೆ. ಆ ಅನುಭವದ ಆಧಾರದ ಮೇಲೆ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಅಲ್ಲಿನ ಒಂದು ಬಾತ್ ನಮ್ಮ ಎರಡೂವರೆ ರೂಪಾಯಿಗಿಂತ ತುಸು ಹೆಚ್ಚೆಂದು ಲೆಕ್ಕ ಹಾಕಿಕೊಳ್ಳಿ. ದರಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನನಗೆ ಅರವತ್ತನಾಲ್ಕು, ನಮ್ಮ ಯಜಮಾನರಿಗೆ ಅರವತ್ತೊಂಬತ್ತು ವರ್ಷ. ಡಿಸೆಂಬರಿನಲ್ಲಿ ಐದು ದಿನಗಳ ಬ್ಯಾಂಕಾಕ್ ಪ್ರಯಾಣಕ್ಕೆ ಮಗಳು ಟಿಕೆಟ್ ಮಾಡಿಸಿದ್ದಾಳೆ. ಎಲ್ಲಿಗೆ ಹೋದರೂ ಟ್ಯಾಕ್ಸಿಯೇ ಗತಿ ಎಂದು ಹೋಗಿಬಂದವರು ಹೇಳುತ್ತಾರೆ. ನನಗೆ ಮೊಣಕಾಲು ನೋವಿದೆ. ಆದರೂ ಆ ಊರಿನ ಜನರ ನಡುವೆ ರೈಲಿನಲ್ಲಿ, ದೋಣಿಯಲ್ಲಿ ಓಡಾಡುವ ಆಸೆ. ಸಾಧ್ಯವೇ? ಎಲ್ಲಿ ಉಳಿದುಕೊಂಡರೆ ಅನುಕೂಲ? — ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಖಂಡಿತ ಸಾಧ್ಯ, ಮತ್ತು ತಮ್ಮ ಆಸೆಯೇ ಸರಿಯಾದದ್ದು. ಟ್ಯಾಕ್ಸಿಯೇ ಗತಿ ಎಂಬ ಮಾತನ್ನು ನಂಬಿ ನಾನು ಅಲ್ಲಿಗೆ ಹೋದ ಮೊದಲ ವಾರದಲ್ಲಿ, ಸಂಜೆ ಐದೂವರೆಗೆ, ಮಳೆ ಹನಿಯುತ್ತಿದ್ದ ಹೊತ್ತಿನಲ್ಲಿ ಸುಖುಮ್ವಿತ್ ರಸ್ತೆಯಿಂದ ಸೀಲೋಮ್ ರಸ್ತೆಗೆ ಟ್ಯಾಕ್ಸಿ ಹಿಡಿದೆ. ನಾಲ್ಕೈದು ಕಿಲೋಮೀಟರ್ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಮ್ಮ ತಲೆಯ ಮೇಲಿನ ಹಳಿಗಳಲ್ಲಿ ಕೆಲವೇ ನಿಮಿಷಕ್ಕೊಂದರಂತೆ ರೈಲುಗಳು ಹಾದುಹೋಗುತ್ತಿದ್ದವು.

ಈ ದಟ್ಟಣೆಗೆ ಕಾರಣ ನಗರ ಹುಟ್ಟಿ ಬೆಳೆದ ರೀತಿಯಲ್ಲೇ ಇದೆ. 1782ರಲ್ಲಿ ರಾಜಧಾನಿಯಾದ ಬ್ಯಾಂಕಾಕ್ ನೀರಿನ ಮೇಲೆ ಬೆಳೆದ ಊರು. ಕ್ಲೋಂಗ್ ಎಂದು ಕರೆಯುವ ಕಾಲುವೆಗಳೇ ಅದರ ಬೀದಿಗಳಾಗಿದ್ದವು, ಯುರೋಪಿನ ಮಾದರಿಯ ಚರೋನ್ ಕ್ರುಂಗ್ ರಸ್ತೆ ಆದದ್ದು 1860ರ ದಶಕದಲ್ಲಿ. ಆಮೇಲೆ ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಗದ್ದೆ ತೋಟಗಳಿದ್ದ ಉದ್ದನೆಯ ಪಟ್ಟಿಗಳ ನಡುವೆ ಸೋಯಿ ಎಂಬ ಅಡ್ಡರಸ್ತೆಗಳು ಹುಟ್ಟಿಕೊಂಡವು. ಒಂದು ಸೋಯಿಯೊಳಗೆ ಒಂದು ಕಿಲೋಮೀಟರ್ ನಡೆದ ಮೇಲೆ ಕೊನೆಯಲ್ಲಿ ಯಾರದೋ ಮನೆಯ ಗೋಡೆ ಎದುರಾಗುವುದು ಅಲ್ಲಿ ಸಾಮಾನ್ಯ ಸಂಗತಿ. ಪಕ್ಕದ ಸೋಯಿಗೆ ಹೋಗಬೇಕಾದವರೂ ಮುಖ್ಯರಸ್ತೆಗೆ ಬಂದೇ ತಿರುಗಬೇಕು. ಹಾಗಾಗಿ ಊರಿನ ವಾಹನಗಳೆಲ್ಲ ಬೆರಳೆಣಿಕೆಯ ಮುಖ್ಯರಸ್ತೆಗಳ ಮೇಲೆ ಬಂದು ನಿಲ್ಲುತ್ತವೆ. ರೈಲು ಈ ರಸ್ತೆಗಳ ಮೇಲೆ ಅಥವಾ ಕೆಳಗೆ ಓಡುತ್ತದೆ, ದೋಣಿ ಉಳಿದ ನೀರಿನಲ್ಲಿ ಓಡುತ್ತದೆ, ಎರಡಕ್ಕೂ ದಟ್ಟಣೆ ತಟ್ಟುವುದಿಲ್ಲ.

ಇದರಿಂದ ತಾವು ತಿಳಿಯಬೇಕಾದದ್ದು ಒಂದೇ: ಬ್ಯಾಂಕಾಕ್‌ನಲ್ಲಿ ಯಾವ ಪ್ರಯಾಣವನ್ನೂ ಒಂದೇ ವಾಹನದಲ್ಲಿ ಮುಗಿಸಲು ಹೊರಡಬಾರದು. ಕಂಬಗಳ ಮೇಲಿನ ಹಳಿಯಲ್ಲಿ ಓಡುವ ‘ಆಕಾಶದ ರೈಲು’, ನೆಲದಡಿಯ ರೈಲು, ನದಿಯ ದೋಣಿ ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂಸ್ಥೆಗಳು ಮಾಡಿದ ವ್ಯವಸ್ಥೆಗಳು. ಅವು ಒಂದಕ್ಕೊಂದು ಕೂಡುವ ಜಾಗಗಳು ಗೊತ್ತಾದರೆ ನಗರವೇ ಗೊತ್ತಾದಂತೆ. ತಾವು ಉಳಿದುಕೊಳ್ಳುವ ಹೋಟೆಲ್ ಕೂಡ ಅಂಥ ಕೂಡುಜಾಗದ ಹತ್ತಿರವಿರಲಿ. ಆಕಾಶದ ರೈಲಿನ ಅಸೋಕ್ ನಿಲ್ದಾಣವೂ ನೆಲದಡಿಯ ಸುಖುಮ್ವಿತ್ ನಿಲ್ದಾಣವೂ ಕೂಡುವ ವೃತ್ತ ಒಂದು; ಸಾಲಾ ದೆಂಗ್ ಮತ್ತು ಸೀಲೋಮ್ ನಿಲ್ದಾಣಗಳ ಸುತ್ತಮುತ್ತ ಇನ್ನೊಂದು. ತಮ್ಮ ವಯಸ್ಸಿನವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಸಫಾನ್ ತಾಕ್ಸಿನ್ ನಿಲ್ದಾಣವನ್ನು, ಏಕೆಂದರೆ ಅದರ ಬುಡದಲ್ಲೇ ಸಾಥೋರ್ನ್ ದೋಣಿಕಟ್ಟೆ ಇದೆ. ಹೋಟೆಲಿನವರು ನಿಲ್ದಾಣದಿಂದ ಐದು ನಿಮಿಷ ಎಂದು ಬರೆದುಕೊಂಡಿದ್ದರೆ, ಅದು ನಡಿಗೆಯ ಐದು ನಿಮಿಷವೋ ವಾಹನದ್ದೋ ಎಂದು ಮಗಳಿಂದ ನಕ್ಷೆಯಲ್ಲಿ ಅಳತೆ ಮಾಡಿಸಿ. ಸೋಯಿಗಳ ಸಂಖ್ಯೆಯ ಕ್ರಮವನ್ನೂ ಗಮನಿಸಬೇಕು: ರಸ್ತೆಯ ಒಂದು ಬದಿಯಲ್ಲಿ ಬೆಸ ಸಂಖ್ಯೆ, ಇನ್ನೊಂದು ಬದಿಯಲ್ಲಿ ಸಮ ಸಂಖ್ಯೆ ಇರುತ್ತದೆ, ಎರಡೂ ಬದಿ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಸುಖುಮ್ವಿತ್‌ನ 21ನೇ ಸೋಯಿಯ ಎದುರಿಗೆ 22ನೆಯದು ಸಿಗುತ್ತದೆ ಎಂದುಕೊಂಡು ಹೊರಟವರು ಬಿಸಿಲಿನಲ್ಲಿ ಬಹಳ ದೂರ ನಡೆಯಬೇಕಾಗುತ್ತದೆ.

ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ನಗರಕ್ಕೆ 2010ರಿಂದ ಏರ್‌ಪೋರ್ಟ್ ರೈಲ್ ಲಿಂಕ್ ಓಡುತ್ತಿದೆ. ಕಟ್ಟಡದ ಕೆಳ ಅಂತಸ್ತಿನಲ್ಲಿ ಹತ್ತಿದರೆ ಎಂಟನೆಯದೂ ಕೊನೆಯದೂ ಆದ ಫಯಾ ಥಾಯ್ ನಿಲ್ದಾಣಕ್ಕೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಪೂರ್ತಿ ದಾರಿಗೆ 45 ಬಾತ್. ಅಲ್ಲಿಂದ ಆಕಾಶದ ರೈಲು ಸಿಗುತ್ತದೆ. ಅದಕ್ಕೆ ಮೊದಲು ಬರುವ ಮಕ್ಕಸನ್‌ನಲ್ಲಿ ಇಳಿದರೆ ಮೇಲ್ಸೇತುವೆಯ ಮೂಲಕ ನೆಲದಡಿಯ ಫೆಚಬುರಿ ನಿಲ್ದಾಣಕ್ಕೆ ಹೋಗಬಹುದು. ಆದರೆ ತಮ್ಮ ವಿಮಾನ ಸಂಜೆ ಇಳಿಯುವುದಾದರೆ, ಇಬ್ಬರ ಬಳಿಯೂ ದೊಡ್ಡ ಪೆಟ್ಟಿಗೆಗಳಿದ್ದರೆ, ಆ ಒಂದು ಸಲ ಮೀಟರ್ ಟ್ಯಾಕ್ಸಿಯಲ್ಲೇ ಹೋಗಿ. ಸಂಜೆಯ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೋಯುವ ಮೊಣಕಾಲಿನಲ್ಲಿ ಪೆಟ್ಟಿಗೆ ಹಿಡಿದು ನಿಲ್ಲುವುದು ಬೇಡ.

ಇನ್ನು ಲಿಫ್ಟ್ ವಿಚಾರ. ಆಕಾಶದ ರೈಲು 1999ರ ಡಿಸೆಂಬರ್ 5ರಂದು ಶುರುವಾದಾಗ ಅದರ 23 ನಿಲ್ದಾಣಗಳಲ್ಲಿ ಐದರಲ್ಲಿ ಮಾತ್ರ ಲಿಫ್ಟ್ ಇತ್ತು. ಅಂಗವಿಕಲರು ವರ್ಷಗಟ್ಟಲೆ ಹೋರಾಡಿದ ಮೇಲೆ, 2015ರ ಜನವರಿಯಲ್ಲಿ ಥೈಲ್ಯಾಂಡಿನ ಸರ್ವೋಚ್ಚ ಆಡಳಿತ ನ್ಯಾಯಾಲಯವು ಅಷ್ಟೂ ನಿಲ್ದಾಣಗಳಲ್ಲಿ ಒಂದು ವರ್ಷದೊಳಗೆ ಲಿಫ್ಟ್ ಹಾಕಬೇಕೆಂದು ನಗರಾಡಳಿತಕ್ಕೆ ಆದೇಶಿಸಿತು. ಕೆಲಸ ಆ ಗಡುವಿನೊಳಗೆ ಮುಗಿಯಲಿಲ್ಲ, ಆದರೆ ಇಂದು ತಾವು ಏರುವ ಲಿಫ್ಟ್‌ಗಳು ಅವರ ಹಟದಿಂದ ಬಂದವು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಒಂದು ಎಚ್ಚರಿಕೆ: ನಿಲ್ದಾಣದ ಎಲ್ಲ ದ್ವಾರಗಳಲ್ಲೂ ಲಿಫ್ಟ್ ಇರುವುದಿಲ್ಲ, ರಸ್ತೆಯ ಯಾವ ಬದಿಯಲ್ಲಿದೆ ಎಂದು ದ್ವಾರದ ನಕ್ಷೆಯಲ್ಲಿ ನೋಡಿಯೇ ಹೆಜ್ಜೆ ಹಾಕಿ. ಎಸ್ಕಲೇಟರ್ ಮೇಲೇರಲು ಮಾತ್ರ ಇದ್ದು, ಇಳಿಯಲು ಮೆಟ್ಟಿಲೇ ಇರುವ ದ್ವಾರಗಳೂ ಉಂಟು.

ಮೊಣಕಾಲಿನ ದೃಷ್ಟಿಯಿಂದಲೇ ಇನ್ನೊಂದು ಮಾತು. ಅರಮನೆ ನೋಡಲು ನೆಲದಡಿಯ ರೈಲಿನಲ್ಲಿ ಸನಾಮ್ ಚಾಯ್ ನಿಲ್ದಾಣಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ನಿಲ್ದಾಣವೇನೋ ಹಳೆಯ ರಾಜಸಭೆಯಂತೆ ಕಂಬ, ಚಾವಣಿಗಳ ಅಲಂಕಾರದಿಂದ ನೋಡುವಂತಿದೆ, ಮಲಗಿದ ಬುದ್ಧನ ವಾಟ್ ಫೋ ದೇವಾಲಯಕ್ಕೆ ಅದೇ ಹತ್ತಿರ. ಆದರೆ ಅರಮನೆಯ ಪ್ರವೇಶದ್ವಾರ ಉತ್ತರದ ಬದಿಯಲ್ಲಿದೆ, ಅಲ್ಲಿಗೆ ಸನಾಮ್ ಚಾಯ್‌ನಿಂದ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಸಾಥೋರ್ನ್‌ನಲ್ಲಿ ದೋಣಿ ಹತ್ತಿ ಥಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಆ ದ್ವಾರ ಕೆಲವೇ ನಿಮಿಷದ ನಡಿಗೆ.

ಪ್ರಶ್ನೆ: ಕಳೆದ ವರ್ಷ ಹೋಗಿದ್ದಾಗ ಒಂದು ಕಾರ್ಡ್ ಕೊಂಡು, ಮೆಟ್ರೊ ಬದಲಿಸುವಾಗ ಗೇಟಿನಲ್ಲಿ ಅದು ಕೆಲಸ ಮಾಡದೆ ತಬ್ಬಿಬ್ಬಾದೆ. ನಮ್ಮ ಮೆಟ್ರೊದಲ್ಲಿ ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ಹೋಗುವಂತೆ ಅಲ್ಲೇಕೆ ಹೋಗಲಾಗುವುದಿಲ್ಲ? — ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಮೆಜೆಸ್ಟಿಕ್‌ನ ಎರಡೂ ಮಾರ್ಗಗಳು ಒಂದೇ ನಿಗಮದ್ದಾದ್ದರಿಂದ ನಡುವೆ ಗೇಟು ಇಲ್ಲ. ಬ್ಯಾಂಕಾಕ್‌ನಲ್ಲಿ ಹಾಗಿಲ್ಲ. ಬಿಟಿಎಸ್ ಎಂದು ಕರೆಯುವ ಆಕಾಶದ ರೈಲನ್ನು ನಗರಾಡಳಿತದಿಂದ ಗುತ್ತಿಗೆ ಪಡೆದ ಖಾಸಗಿ ಸಂಸ್ಥೆ ಕಟ್ಟಿತು. 2004ರ ಜುಲೈನಲ್ಲಿ ಆರಂಭವಾದ ನೆಲದಡಿಯ ಎಂಆರ್‌ಟಿ ಕೇಂದ್ರ ಸರ್ಕಾರದ ಪ್ರಾಧಿಕಾರದ್ದು. ವಿಮಾನ ನಿಲ್ದಾಣದ ಮಾರ್ಗವನ್ನು ಕಟ್ಟಿದ್ದು ಸರ್ಕಾರಿ ರೈಲ್ವೆ. ಹೀಗೆ ಮೂವರು ಮೂರು ಕಡೆಯಿಂದ ಕಟ್ಟುತ್ತ ಬಂದುದರಿಂದ, ಮಾರ್ಗಗಳು ಒಂದರ ಮೇಲೊಂದು ಹಾದುಹೋಗುವ ಕಡೆಯೂ ಎರಡು ನಿಲ್ದಾಣ, ಎರಡು ಗೇಟು, ಎರಡು ಟಿಕೆಟ್, ಅಷ್ಟು ಸಾಲದೆಂಬಂತೆ ಎರಡು ಹೆಸರು. ಮೇಲಿನದು ಅಸೋಕ್ ಆದರೆ ಕೆಳಗಿನದು ಸುಖುಮ್ವಿತ್. ಸಾಲಾ ದೆಂಗ್‌ನ ಕೆಳಗೆ ಸೀಲೋಮ್. ಮೋ ಚಿಟ್‌ನ ಪಕ್ಕದಲ್ಲಿ ಚಟುಚಕ್ ಪಾರ್ಕ್. ಹಾ ಯೇಕ್ ಲಾಟ್ ಫ್ರಾವ್‌ನ ಕೆಳಗೆ ಫಹೊನ್ ಯೋಥಿನ್. ಈ ನಾಲ್ಕು ಜೋಡಿಗಳನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ನಕ್ಷೆ ಅರ್ಧಕ್ಕರ್ಧ ಸರಳವಾಗುತ್ತದೆ.

ನೀವು ಕೊಂಡದ್ದು ಬಹುಶಃ ರ‍್ಯಾಬಿಟ್ ಕಾರ್ಡ್. ಅದು ಆಕಾಶದ ರೈಲಿನಲ್ಲಿ ನಡೆಯುತ್ತದೆ, ನೆಲದಡಿಯ ನೀಲಿ ಮಾರ್ಗದಲ್ಲಿ ನಡೆಯುವುದಿಲ್ಲ. ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಬೇಕು. ದಿನಕ್ಕೆ ಮೂರು ನಾಲ್ಕು ಸಲ ಆಕಾಶದ ರೈಲು ಹತ್ತುವವರಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಎರಡು ಮೂರು ದಿನಕ್ಕಾದರೆ ಬಿಡಿ ಟಿಕೆಟ್ ಸಾಕು. ನಾಣ್ಯ ಮಾತ್ರ ನುಂಗುವ ಹಳೆಯ ಯಂತ್ರಗಳು ಕೆಲವೆಡೆ ಇನ್ನೂ ಇವೆ, ನೋಟು ಕೊಟ್ಟರೆ ಕೌಂಟರಿನವರು ಚಿಲ್ಲರೆ ಎಣಿಸಿಕೊಡುತ್ತಾರೆ. ನೆಲದಡಿಯ ರೈಲಿಗೆ ನಮ್ಮ ಮೆಟ್ರೊದ ಬಿಲ್ಲೆಯಂಥದೇ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ಅಲ್ಲಿ 2022ರಿಂದ ವೀಸಾ, ಮಾಸ್ಟರ್‌ಕಾರ್ಡ್ ಚಿಹ್ನೆಯ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಹೋಗುವ ಅನುಕೂಲವೂ ಇದೆ. ಅದಕ್ಕಾಗಿ ಹೊರಡುವ ಮೊದಲೇ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ತೆರೆದಿಟ್ಟಿರಬೇಕು. ಒಳಹೋಗಲು ತಾಗಿಸಿದ ಕಾರ್ಡನ್ನೇ ಹೊರಬರಲೂ ತಾಗಿಸಬೇಕು. ಒಬ್ಬರಿಗೆ ಒಂದು ಕಾರ್ಡ್ ಎಂಬುದು ಕಡ್ಡಾಯ.

ಇನ್ನೊಂದು ಗೊಂದಲದ ಜಾಗ ನೀಲಿ ಮಾರ್ಗದ ಥಾ ಫ್ರಾ ನಿಲ್ದಾಣ. ಈ ಮಾರ್ಗ ನಗರವನ್ನು ಒಂದು ಸುತ್ತು ಹಾಕಿ, ತಾನು ಹೊರಟ ಜಾಗವನ್ನೇ ದಾಟಿ ಲಕ್ ಸೋಂಗ್ ಕಡೆಗೆ ಹೋಗುತ್ತದೆ. ನಕ್ಷೆಯಲ್ಲಿ ಬಾಲವಿರುವ ಉಂಗುರದಂತೆ ಕಾಣುತ್ತದೆ. ಹಾಗಾಗಿ ಥಾ ಫ್ರಾದಲ್ಲಿ ಒಂದೇ ಬಣ್ಣದ ರೈಲು ಎರಡು ಅಂತಸ್ತುಗಳಲ್ಲಿ ಬರುತ್ತದೆ. ಬಣ್ಣ ನೋಡಿ ಹತ್ತಬೇಡಿ, ಕೊನೆಯ ನಿಲ್ದಾಣದ ಹೆಸರು ನೋಡಿ ಹತ್ತಿ. ಇದಕ್ಕೆ ವಿರುದ್ಧವಾಗಿ, ಆಕಾಶದ ರೈಲಿನ ಎರಡು ಮಾರ್ಗಗಳು ಕೂಡುವ ಸಯಾಮ್ ನಿಲ್ದಾಣವನ್ನು ಕಟ್ಟಿದವರನ್ನು ಮೆಚ್ಚಲೇಬೇಕು: ಬಹುಪಾಲು ಪ್ರಯಾಣಿಕರು ಒಂದು ರೈಲಿನಿಂದ ಇಳಿದು, ಪ್ಲಾಟ್‌ಫಾರ್ಮಿನ ಎದುರು ಬದಿಗೆ ಹತ್ತು ಹೆಜ್ಜೆ ಇಟ್ಟರೆ ಇನ್ನೊಂದು ರೈಲು ಸಿಗುತ್ತದೆ, ಮೆಟ್ಟಿಲು ಹತ್ತಿಳಿಯುವ ಕೆಲಸವಿಲ್ಲ.

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳೊಂದಿಗೆ ಹೋಗುತ್ತಿದ್ದೇವೆ. ನೇತ್ರಾವತಿಯ ದಡದವರಾದ ನಮಗೆ ದೋಣಿ ಹೊಸತಲ್ಲ, ಆದರೆ ಅಲ್ಲಿಯ ದೋಣಿಗಳಿಗೆ ಬಣ್ಣಬಣ್ಣದ ಬಾವುಟಗಳಿವೆಯಂತೆ, ಯಾವುದು ಹತ್ತಬೇಕು? ಮಕ್ಕಳಿಗೆ ಸುರಕ್ಷಿತವೇ? — ಗೃಹಿಣಿ, ಮಂಗಳೂರು

ಉತ್ತರ: ಚಾವೊ ಫ್ರಾಯಾ ನದಿಯ ಎಕ್ಸ್‌ಪ್ರೆಸ್ ದೋಣಿಗಳ ಬಾವುಟ ಎಂದರೆ ನಮ್ಮ ಬಸ್ಸಿನ ಬೋರ್ಡಿದ್ದಂತೆ: ಯಾವ ಯಾವ ಕಟ್ಟೆಯಲ್ಲಿ ನಿಲ್ಲುತ್ತದೆ ಎಂಬುದನ್ನು ಅದು ಹೇಳುತ್ತದೆ. ಕಿತ್ತಳೆ ಬಾವುಟದ ದೋಣಿ ದಿನವಿಡೀ ಓಡುತ್ತದೆ, ರಜಾದಿನಗಳಲ್ಲೂ ಇರುತ್ತದೆ, ನೀವು ನೋಡಬೇಕೆಂದಿರುವ ಕಟ್ಟೆಗಳಲ್ಲೆಲ್ಲ ಹೆಚ್ಚುಕಡಿಮೆ ನಿಲ್ಲುತ್ತದೆ. ಎಷ್ಟು ದೂರ ಹೋದರೂ ಒಂದೇ ದರ, ಅದೂ ಇಪ್ಪತ್ತು ಬಾತ್‌ನ ಆಸುಪಾಸು. ಹಳದಿ ಮತ್ತು ಹಸಿರು-ಹಳದಿ ಬಾವುಟದವು ಕೆಲಸದ ದಿನಗಳಲ್ಲಿ, ಬೆಳಿಗ್ಗೆ ಮತ್ತು ಸಂಜೆ, ಉತ್ತರದ ನೋಂಥಬುರಿ ಕಡೆಯಿಂದ ನಗರಕ್ಕೆ ಬಂದುಹೋಗುವ ನೌಕರರಿಗಾಗಿ ಓಡುವ ವೇಗದ ದೋಣಿಗಳು. ನೀಲಿ ಬಾವುಟದ್ದು ಪ್ರವಾಸಿಗರ ದೋಣಿ. ದರ ಹೆಚ್ಚು, ಜಾಗ ವಿಶಾಲ, ಇಂಗ್ಲಿಷಿನಲ್ಲಿ ಘೋಷಣೆ ಇರುತ್ತದೆ. ಸಾಥೋರ್ನ್ ಕಟ್ಟೆಯಲ್ಲಿ ನೀಲಿ ದೋಣಿಯ ಟಿಕೆಟ್ ಮಾರುವವರು ಮೊದಲು ಎದುರಾಗುತ್ತಾರೆ, ಹಾಗಾಗಿ ಅದೊಂದೇ ಇದೆ ಎಂದು ಎಷ್ಟೋ ಮಂದಿ ತಿಳಿಯುತ್ತಾರೆ. ಮಕ್ಕಳೊಂದಿಗೆ ಮೊದಲ ದಿನ ನೀಲಿಯಲ್ಲಿ ಹೋಗುವುದರಲ್ಲಿ ತಪ್ಪೇನಿಲ್ಲ, ಆದರೆ ಮರುದಿನ ಕಿತ್ತಳೆಯನ್ನು ಹತ್ತಿಸಿ. ಶಾಲೆಯ ಸಮವಸ್ತ್ರದ ಮಕ್ಕಳು, ಕಾವಿಬಣ್ಣದ ಭಿಕ್ಷುಗಳು, ಸಂತೆಯ ಚೀಲ ಹಿಡಿದ ಅಜ್ಜಿಯರು ಸಿಗುವುದು ಅದರಲ್ಲಿ.

ಸುರಕ್ಷತೆಯ ಪ್ರಶ್ನೆ ಬರುವುದು ಹತ್ತುವ ಮತ್ತು ಇಳಿಯುವ ಕ್ಷಣದಲ್ಲಿ. ದೋಣಿ ಕಟ್ಟೆಗೆ ತಾಗುವುದು ಅರೆ ನಿಮಿಷವೂ ಇಲ್ಲ. ಹಿಂದಿನ ತುದಿಯಲ್ಲಿ ಹಗ್ಗ ಹಿಡಿದು ನಿಂತ ಹುಡುಗ ಸೀಟಿ ಊದುತ್ತಿರುತ್ತಾನೆ. ‘ಇನ್ನಷ್ಟು ಹಿಂದೆ’, ‘ಸಾಕು ನಿಲ್ಲಿಸು’, ‘ಹೊರಡು’ ಎಂಬುದನ್ನೆಲ್ಲ ಮುಂದೆ ಕೂತ ಚಾಲಕನಿಗೆ ಆ ಸೀಟಿಯಲ್ಲೇ ತಿಳಿಸುತ್ತಾನೆ. ಅದನ್ನು ಕೇಳುವುದೇ ನನಗೆ ಒಂದು ಸಂತೋಷವಾಗಿತ್ತು, ಕೆಲವು ತಿಂಗಳ ಮೇಲೆ ಕಣ್ಣು ಮುಚ್ಚಿಯೂ ಕಟ್ಟೆ ಬಂದದ್ದು ತಿಳಿಯುತ್ತಿತ್ತು. ನೀವು ಮಾಡಬೇಕಾದದ್ದು ಇಷ್ಟು: ಇಳಿಯುವ ಕಟ್ಟೆಗೆ ಒಂದು ಕಟ್ಟೆ ಮೊದಲೇ ಎದ್ದು ಹಿಂಭಾಗಕ್ಕೆ ಬನ್ನಿ, ಒಬ್ಬೊಬ್ಬ ದೊಡ್ಡವರು ಒಂದೊಂದು ಮಗುವಿನ ಕೈ ಹಿಡಿಯಿರಿ, ದೋಣಿ ತೂಗುತ್ತಿರುವಾಗ ಹೆಜ್ಜೆ ಇಡದೆ ಹುಡುಗ ಕೈ ಸನ್ನೆ ಮಾಡಿದ ಮೇಲೆ ದಾಟಿ. ಹಿಂಭಾಗದಲ್ಲಿ ಭಿಕ್ಷುಗಳಿಗೆಂದು ಬಿಟ್ಟ ಜಾಗದಲ್ಲಿ ನಿಲ್ಲಬಾರದು. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲವಾದ್ದರಿಂದ ನೂಕುನುಗ್ಗಲಿನಲ್ಲಿ ತುಸು ಅಂತರವಿಡಿ. ಥಾ ತಿಯೆನ್ ಕಟ್ಟೆಯಿಂದ ಆಚೆ ದಡದ ವಾಟ್ ಅರುಣ್ ದೇವಾಲಯಕ್ಕೆ ನದಿ ದಾಟಿಸುವ ಪುಟ್ಟ ದೋಣಿ ಬೇರೆ. ಕೆಲವೇ ಬಾತ್, ಕೆಲವೇ ನಿಮಿಷ. ಸಂಜೆ ಆರು-ಏಳರ ನಡುವೆ ಎಕ್ಸ್‌ಪ್ರೆಸ್ ದೋಣಿಗಳು ನಿಲ್ಲತೊಡಗುತ್ತವೆ, ದೀಪಗಳ ಸೊಬಗು ನೋಡುತ್ತ ಕುಳಿತರೆ ಮರಳಲು ಬೇರೆ ದಾರಿ ಹುಡುಕಬೇಕು.

ನಗರದ ನಡುವೆ ಹರಿಯುವ ಸೇನ್ ಸೇಪ್ ಕಾಲುವೆಯ ದೋಣಿ ಬೇರೆಯೇ ಅನುಭವ. ಪೂರ್ವದ ಯುದ್ಧಕ್ಕೆ ಸೈನ್ಯ ಸಾಗಿಸಲೆಂದು ಮೂರನೆಯ ರಾಮ ದೊರೆಯ ಕಾಲದಲ್ಲಿ, 1837ರಲ್ಲಿ, ಅಗೆಯಲು ತೊಡಗಿದ ಕಾಲುವೆ ಅದು. ಈಗ ಅದರಲ್ಲಿ ಹಳೆಯ ಊರಿನ ಫಾನ್ ಫಾ ಕಟ್ಟೆಯಿಂದ ಪ್ರತೂನಾಮ್‌ವರೆಗೆ ಒಂದು ದೋಣಿ, ಅಲ್ಲಿ ಬದಲಿಸಿ ಪೂರ್ವದ ಬಡಾವಣೆಗಳವರೆಗೆ ಇನ್ನೊಂದು ದೋಣಿ ಓಡುತ್ತವೆ. ಟಿಕೆಟ್ ಕೊಡುವವರು ಹೆಲ್ಮೆಟ್ ಧರಿಸಿ ದೋಣಿಯ ಹೊರ ಅಂಚಿನ ಮೇಲೆ ನಡೆದು ಬರುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆಯನ್ನು ಎತ್ತಬೇಕು, ಇಲ್ಲವಾದರೆ ಕಾಲುವೆಯ ಕೊಳಕು ನೀರು ಮೈಮೇಲೆ. ಸಂಜೆಯ ದಟ್ಟಣೆಯಲ್ಲಿ ಇದಕ್ಕಿಂತ ವೇಗವಾಗಿ ಹಳೆಯ ಊರಿಗೆ ಮುಟ್ಟಿಸುವ ವಾಹನ ನನಗೆ ಸಿಗಲಿಲ್ಲ. ಆದರೆ ಇದರ ಕಟ್ಟೆಗಳು ಇಕ್ಕಟ್ಟು, ಹತ್ತುವಾಗ ಅಂಚನ್ನು ದಾಟಿ ಕಾಲಿಡಬೇಕು. ನಿಮ್ಮ ಹತ್ತು ವರ್ಷದ ಮಗುವಿಗೆ ಪರವಾಗಿಲ್ಲ, ಆರು ವರ್ಷದ ಮಗುವಿನೊಂದಿಗೆ ನಾನು ಹತ್ತಲಾರೆ. ಅಂದಹಾಗೆ, ಆಕಾಶದ ರೈಲಿನಲ್ಲಿ 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಾತ್ರ ಟಿಕೆಟ್ ಇಲ್ಲ. ಅಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ನಿಮ್ಮ ಇಬ್ಬರಿಗೂ ಟಿಕೆಟ್ ಬೇಕಾಗುತ್ತದೆ.

ಪ್ರಶ್ನೆ: ನಿಲ್ದಾಣಗಳ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ, ನಾನು ಹೇಳಿದರೆ ಅಲ್ಲಿನವರಿಗೆ ಅರ್ಥವಾಗುವುದೂ ಇಲ್ಲ. ಏನು ಮಾಡಲಿ? — ಉಪನ್ಯಾಸಕ, ಉಡುಪಿ

ಉತ್ತರ: ಕನ್ನಡಿಗರಿಗೆ ಈ ಹೆಸರುಗಳು ಇಂಗ್ಲಿಷಿನವರಿಗಿಂತ ಸುಲಭ, ಏಕೆಂದರೆ ಅವುಗಳಲ್ಲಿ ಎಷ್ಟೋ ನಮ್ಮ ಮಾತಿನಲ್ಲೂ ಬಳಕೆಯಲ್ಲಿರುವ ಸಂಸ್ಕೃತ, ಪಾಳಿ ಪದಗಳೇ. ಅಸೋಕ್ ನಿಲ್ದಾಣವಿರುವ ರಸ್ತೆಯ ಪೂರ್ಣ ಹೆಸರು ಅಸೋಕ್ ಮೊಂತ್ರಿ, ಅಂದರೆ ಅಶೋಕ ಮಂತ್ರಿ. ರಾಚತೇವಿ ಎಂದರೆ ರಾಜದೇವಿ. ವಿಜಯ ಸ್ಮಾರಕದ ಥಾಯ್ ಹೆಸರಿನಲ್ಲಿರುವ ಚಾಯ್ ಸಮೊರಫೂಮ್ ಎಂಬುದು ಜಯ ಮತ್ತು ಸಮರಭೂಮಿ. ಫ್ರಾ ಆಥಿತ್ ಕಟ್ಟೆಯಲ್ಲಿ ಆದಿತ್ಯನಿದ್ದಾನೆ. ರೈಲಿನ ಘೋಷಣೆಯಲ್ಲಿ ‘ಸಥಾನೀ ತೋ ಪಾಯ್’ ಎಂದು ಕೇಳಿಸುತ್ತದೆ, ಮುಂದಿನ ನಿಲ್ದಾಣ ಎಂದರ್ಥ. ಸಥಾನೀ ನಮ್ಮ ‘ಸ್ಥಾನ’ದ ಬಳಗದ ಮಾತು. ವಿಮಾನ ನಿಲ್ದಾಣವನ್ನು ಬರೆಯುವುದು ಸುವರ್ಣಭೂಮಿ ಎಂದೇ, ಆದರೆ ಬಾಯಲ್ಲಿ ಅದು ‘ಸುವನ್ನಫೂಮ್’ ಆಗುತ್ತದೆ. ನೀವು ಅಚ್ಚುಕಟ್ಟಾಗಿ ಸುವರ್ಣಭೂಮಿ ಎಂದರೆ ಟ್ಯಾಕ್ಸಿಯವನಿಗೆ ತಿಳಿಯದೆ ಹೋಗಬಹುದು. ಕೊನೆಯ ಸ್ವರವನ್ನು ನುಂಗಿ ಹೇಳುವುದೇ ಗುಟ್ಟು.

ಉಚ್ಚಾರಣೆಯಲ್ಲಿ ಇನ್ನೊಂದು ಅನುಕೂಲವೂ ನಮಗಿದೆ. ಅಲ್ಲಿನ ಇಂಗ್ಲಿಷ್ ಫಲಕಗಳಲ್ಲಿ ಪಿ ಮತ್ತು ಎಚ್ ಅಕ್ಷರ ಸೇರಿಸಿ ಬರೆದದ್ದು ನಮ್ಮ ‘ಫಲ’ದ ಫಕಾರ, ‘ಫೋನ್’ ಎನ್ನುವಾಗಿನ ಧ್ವನಿಯಲ್ಲ. ಫಯಾ ಥಾಯ್ ಎನ್ನುವಾಗ ಎರಡೂ ಮಹಾಪ್ರಾಣಗಳನ್ನು ಶಾಲೆಯಲ್ಲಿ ಕಲಿಸಿದಂತೆ ಉಚ್ಚರಿಸಿದರೆ ಅರ್ಧ ಗೆದ್ದಿರಿ. ಇಷ್ಟಾದರೂ ತಿಳಿಯದಿದ್ದರೆ, ಥಾಯ್ ಲಿಪಿಯಲ್ಲಿ ಬರೆದ ವಿಳಾಸವನ್ನು ಫೋನಿನಲ್ಲಿಟ್ಟುಕೊಂಡು ತೋರಿಸಿ.

ಪ್ರಶ್ನೆ: ನಗರದ ಉತ್ತರಕ್ಕಿರುವ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಓದಲು ಹೋಗುತ್ತಿದ್ದೇನೆ. ವಾರಕ್ಕೊಮ್ಮೆ ನಗರಕ್ಕೆ ಬರಬೇಕು, ಕೈಯಲ್ಲಿ ಹಣ ಕಡಿಮೆ. ಬಸ್ಸು, ಬೈಕ್ ಟ್ಯಾಕ್ಸಿ, ಟುಕ್ ಟುಕ್‌ಗಳ ಬಗ್ಗೆ ತಿಳಿಸಿ. — ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಸಂಸ್ಥೆ ನಗರದ ಮಧ್ಯದಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿದೆ. ಅಲ್ಲಿಂದ ರಂಗ್ಸಿತ್‌ವರೆಗೆ ವ್ಯಾನ್ ಅಥವಾ ಸೋಂಗ್‌ತೇವ್ ಸಿಗುತ್ತದೆ. ಸೋಂಗ್‌ತೇವ್ ಎಂದರೆ ಹಿಂದೆ ಎದುರುಬದುರು ಎರಡು ಬೆಂಚು ಹಾಕಿದ ಪಿಕಪ್ ಗಾಡಿ, ನಮ್ಮ ಕಡೆಯ ಟಂಟಂನಂತೆ ಜನ ಸೇರಿಕೊಂಡು ಹೋಗುವ ವಾಹನ. ರಂಗ್ಸಿತ್‌ನಿಂದ 2021ರಲ್ಲಿ ಶುರುವಾದ ಕೆಂಪು ಮಾರ್ಗದ ರೈಲು ಹಿಡಿದರೆ, ಡಾನ್ ಮುವಾಂಗ್ ವಿಮಾನ ನಿಲ್ದಾಣದ ಪಕ್ಕದಿಂದ ಹಾದು, ಕ್ರುಂಗ್ ಥೇಪ್ ಅಫಿವಾಟ್ ಎಂಬ ದೊಡ್ಡ ನಿಲ್ದಾಣಕ್ಕೆ ಬರುತ್ತೀರಿ. ಅದರ ಕೆಳಗೇ ನೀಲಿ ಮಾರ್ಗದ ಬಾಂಗ್ ಸೂ ನಿಲ್ದಾಣವಿದೆ. ಇದೇ ದಾರಿಯಲ್ಲಿ 1990ರಲ್ಲಿ ಒಪ್ಪಂದವಾದ ಹೋಪ್‌ವೆಲ್ ಎಂಬ ಯೋಜನೆ 1998ರಲ್ಲಿ ರದ್ದಾಗಿ, ಅದರ ಕಾಂಕ್ರೀಟ್ ಕಂಬಗಳು ವರ್ಷಗಟ್ಟಲೆ ಬೋಳಾಗಿ ನಿಂತಿದ್ದವು. ಕೆಂಪು ರೈಲಿಗಾಗಿ ಉತ್ತರದ ಬಡಾವಣೆಗಳ ಜನ ಎಷ್ಟು ಕಾದರೆಂಬುದನ್ನು ಬಲ್ಲ ನನಗೆ ಅದರಲ್ಲಿ ಕೂರುವುದೇ ಒಂದು ನೆಮ್ಮದಿ.

ಬಸ್ಸು ಎಲ್ಲಕ್ಕಿಂತ ಅಗ್ಗ. 1976ರಲ್ಲಿ ಸ್ಥಾಪನೆಯಾದ ಬ್ಯಾಂಕಾಕ್ ಮಾಸ್ ಟ್ರಾನ್ಸಿಟ್ ಅಥಾರಿಟಿಯ ಎಸಿ ಇಲ್ಲದ ಕೆಂಪು ಬಸ್ಸಿಗೆ 8 ಬಾತ್. ಎಷ್ಟು ದೂರಕ್ಕಾದರೂ ಅಷ್ಟೇ. ಕಂಡಕ್ಟರ್ ಕೈಯಲ್ಲಿ ಚರ್ಮದ ಚೀಲದ ಬದಲು ಉದ್ದನೆಯ ಲೋಹದ ಕೊಳವೆ ಇರುತ್ತದೆ, ಟಿಕೆಟ್ಟಿನ ಸುರುಳಿ, ಚಿಲ್ಲರೆ ಎರಡೂ ಅದರೊಳಗೆ. ಅದನ್ನು ಟಕಟಕ ಬಡಿದರೆ ಹಣ ತೆಗೆಯಿರಿ ಎಂದು ಅರ್ಥ. ನೀಲಿ ಬಣ್ಣದ ಹೊಸ ವಿದ್ಯುತ್ ಬಸ್ಸುಗಳು ತಂಪಾಗಿವೆ, ದರ ಹೆಚ್ಚು. ಕಷ್ಟವೆಂದರೆ ಬಸ್ಸಿನ ಬೋರ್ಡುಗಳು ಬಹುತೇಕ ಥಾಯ್ ಲಿಪಿಯಲ್ಲಿವೆ, ಮಾರ್ಗದ ಸಂಖ್ಯೆಗಳನ್ನು ಈಚೆಗೆ ಬದಲಿಸಿದ್ದಾರೆ. ವಯಾಬಸ್ ಎಂಬ ಅಲ್ಲಿನ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆಯೆಂದು ಕಾಣುತ್ತದೆ, ಅದನ್ನು ಹಾಕಿಕೊಳ್ಳಿ.

ಸೋಯಿಯ ಬಾಯಲ್ಲಿ ಕಿತ್ತಳೆ ಅಂಗಿ ತೊಟ್ಟು ಸಾಲಾಗಿ ನಿಲ್ಲುವ ಬೈಕ್ ಟ್ಯಾಕ್ಸಿಗಳು ಆ ಉದ್ದನೆಯ ಸೋಯಿಗಳಿಂದಲೇ ಹುಟ್ಟಿದ ವ್ಯವಸ್ಥೆ: ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಒಂದು ಕಿಲೋಮೀಟರ್ ಅವರದ್ದು. ನಿಲುಗಡೆಯಲ್ಲಿ ದರಪಟ್ಟಿ ತೂಗುಹಾಕಿರುತ್ತಾರೆ. ಸೋಯಿಯೊಳಗೆ ಹೋಗಲು ಹತ್ತಿ, ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಮುಖ್ಯರಸ್ತೆಯ ವಾಹನಗಳ ಸಂದಿನಲ್ಲಿ ಅವರು ನುಸುಳುವ ರೀತಿ ನನಗೆ ಭಯ ಹುಟ್ಟಿಸುತ್ತಿತ್ತು. ಟ್ಯಾಕ್ಸಿಗೆ ಮೀಟರ್ ಹಾಕುವುದು ಕಾನೂನು, ಅದು 35 ಬಾತ್‌ನಿಂದ ಶುರುವಾಗುತ್ತದೆ. ಮೀಟರ್ ಹಾಕಲೊಪ್ಪದವನನ್ನು ಬಿಟ್ಟು ಮುಂದಿನವನನ್ನು ನೋಡಿ. ಟುಕ್ ಟುಕ್‌ಗೆ ಮೀಟರ್ ಇಲ್ಲ. ಅರಮನೆಯ ಬಳಿ ಒಬ್ಬ ಚಾಲಕ ಇವತ್ತು ಅರಮನೆಗೆ ರಜೆ, ಇಪ್ಪತ್ತು ಬಾತ್‌ಗೆ ಊರು ತೋರಿಸುತ್ತೇನೆ ಎಂದು ನನ್ನನ್ನು ಕರೆದೊಯ್ದು ಹರಳಿನ ಅಂಗಡಿಯ ಮುಂದೆ ಇಳಿಸಿದ್ದ. ಅರಮನೆ ಅಂದು ತೆರೆದೇ ಇತ್ತು. ಬಾಗಿಲಿನವರೆಗೆ ನೀವೇ ಹೋಗಿ ನೋಡದ ಹೊರತು ರಜೆ ಎಂಬ ಮಾತನ್ನು ನಂಬಬೇಡಿ.

ಪ್ರಶ್ನೆ: ಸಂಜೆ ನಿಲ್ದಾಣದಲ್ಲಿ ಎಲ್ಲರೂ ಇದ್ದಕ್ಕಿದ್ದಂತೆ ನಿಂತುಬಿಟ್ಟರು, ನಾನೊಬ್ಬಳೇ ನಡೆಯುತ್ತಿದ್ದೆ. ಏನಾಗಿತ್ತು? — ಬೆಂಗಳೂರಿನ ಓದುಗರು

ಉತ್ತರ: ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಆರಕ್ಕೆ ನಿಲ್ದಾಣಗಳಲ್ಲಿ ಥೈಲ್ಯಾಂಡಿನ ರಾಷ್ಟ್ರಗೀತೆ ಮೊಳಗುತ್ತದೆ. ಟಿಕೆಟ್ಟಿನ ಸಾಲು, ಮೆಟ್ಟಿಲಿನ ಜನ ಎಲ್ಲರೂ ಆಗ ಇದ್ದಲ್ಲೇ ನಿಲ್ಲುತ್ತಾರೆ. ವಿದೇಶೀಯರಾದ ನಾವೂ ನಿಲ್ಲುವುದು ಮರ್ಯಾದೆ. ಮತ್ತೊಂದು ನಿಯಮವೂ ತಿಳಿದಿರಲಿ: ರೈಲುಗಳಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ಹಲಸಿನಂತೆ ಮುಳ್ಳುಮುಳ್ಳಾಗಿದ್ದು, ವಾಸನೆಯಲ್ಲಿ ಹಲಸನ್ನೂ ಮೀರಿಸುವ ಡ್ಯೂರಿಯನ್ ಹಣ್ಣನ್ನು ನೆಲದಡಿಯ ರೈಲಿನೊಳಗೆ ಬಿಡುವುದಿಲ್ಲ. ಚಟುಚಕ್ ಸಂತೆಯಲ್ಲಿ ಕೊಂಡರೆ ಅಲ್ಲೇ ತಿಂದು ಮುಗಿಸಿ ರೈಲು ಹತ್ತಿ.